ಟ್ಯಾಂಕ್ ಅಲಾರಂ ಬೋರ್ಡ್ ಕಟ್ಟುತ್ತ ಬಿಡಿಭಾಗ ಕಲಿಯುವುದು: ನಮ್ಮ ಬಿಸಿಲಿಗೆ, ನಮ್ಮ ವೋಲ್ಟೇಜಿಗೆ ತಕ್ಕಂತೆ

ರೆಸಿಸ್ಟರ್ ಕರೆಂಟಿಗೆ ತಡೆ ಒಡ್ಡುತ್ತದೆ, ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ, ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ. ಇಷ್ಟು ಐಟಿಐ ಪಠ್ಯದಲ್ಲೇ ಇದೆ. ತೊಡಕು ಶುರುವಾಗುವುದು ಅಂಗಡಿಯ ಕೌಂಟರಿನಲ್ಲಿ. ಸಾವಿರ ಮೈಕ್ರೋಫ್ಯಾರಡ್ ಕೆಪಾಸಿಟರ್ ಕೇಳಿದರೆ ‘16 ವೋಲ್ಟಿಂದೋ, 25ರದೋ, 35ರದೋ?’ ಎಂಬ ಮರುಪ್ರಶ್ನೆ ಬರುತ್ತದೆ. ಬೋರ್ಡ್ ಎಲ್ಲಿ ಕೂರುತ್ತದೆ ಎಂದು ಗೊತ್ತಿದ್ದವರು ಮಾತ್ರ ಅದಕ್ಕೆ ಸರಿಯಾಗಿ ಉತ್ತರ ಹೇಳಬಲ್ಲರು.

ಲಿಂಗಸುಗೂರು, ಕುಷ್ಟಗಿ ಕಡೆಯ ತೋಟದ ಪಂಪ್‌ಹೌಸ್ ನೋಡಿ. ಮೇಲೆ ತಗಡು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಗೋಡೆಗೆ ಹೊಡೆದ ಡಬ್ಬಿಯೊಳಗೆ 55 ಡಿಗ್ರಿ ಸುಲಭವಾಗಿ ಮುಟ್ಟುತ್ತದೆ. ತ್ರೀ ಫೇಸ್ ಬಂದು ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ಲೈನಿನ ಕೊನೆಯಲ್ಲಿರುವವರಿಗೆ 230 ವೋಲ್ಟಿನ ಬದಲು 180 ಸಿಗುವುದುಂಟು. ನಡುರಾತ್ರಿ ಲೋಡ್ ಇಳಿದಾಗ ಅದೇ ಸಾಕೆಟ್ 250 ತೋರಿಸಬಹುದು. ಆದ್ದರಿಂದ ಇಲ್ಲಿ ಪ್ರತಿ ಬಿಡಿಭಾಗವನ್ನೂ ಮೂರು ಪ್ರಶ್ನೆ ಕೇಳಿಯೇ ಆರಿಸಿದ್ದೇವೆ: 180ರಲ್ಲಿ ಕೆಲಸ ಮಾಡುತ್ತದೆಯೇ, 250ರಲ್ಲಿ ಉಳಿಯುತ್ತದೆಯೇ, 55 ಡಿಗ್ರಿ ಶಾಖದಲ್ಲಿ ಎಷ್ಟು ಕಾಲ ಬಾಳುತ್ತದೆ.

ಕಲಿಕೆಗೆ ಒಂದು ಬೋರ್ಡ್ ಸಾಕು. ಟ್ಯಾಂಕ್ ತುಂಬಿದಾಗ ಬಜರ್ ಕೂಗಿ ರಿಲೇ (ಕಾಯಿಲಿಗೆ ಕರೆಂಟ್ ಕೊಟ್ಟರೆ ತಾನೇ ಬದಲಾಗುವ ಸ್ವಿಚ್) ಎಳೆಯುವ ಈ ಸರ್ಕ್ಯೂಟಿನಲ್ಲಿ ಮೂಲ ಬಿಡಿಭಾಗಗಳು ಬಹುಪಾಲು ಎಲ್ಲವೂ ಬರುತ್ತವೆ.

ತರಬೇಕಾದದ್ದು: 0-15 ವೋಲ್ಟ್, 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್ ಒಂದು. 250 ಮಿಲಿಆಂಪ್ ಸ್ಲೋ ಬ್ಲೋ ಗ್ಲಾಸ್ ಫ್ಯೂಸ್, ಹೋಲ್ಡರ್ ಸಮೇತ. 14ಡಿ471 ಎಂಒವಿ ಒಂದು. 1ಎನ್4007 ಡಯೋಡ್ ಐದು. 1000 ಮೈಕ್ರೋಫ್ಯಾರಡ್, 35 ವೋಲ್ಟ್, 105 ಡಿಗ್ರಿ ಎಂದು ಬರೆದಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದು. 334 ಗುರುತಿನ ಸಣ್ಣ ಕೆಪಾಸಿಟರ್ ಒಂದು, 104 ಗುರುತಿನದು ಎರಡು. 7812 ರೆಗ್ಯುಲೇಟರ್, ಅದಕ್ಕೊಂದು ಅಲ್ಯೂಮಿನಿಯಂ ಹೀಟ್ ಸಿಂಕ್. ಬಿಸಿ547 (BC547) ಟ್ರಾನ್ಸಿಸ್ಟರ್ ಎರಡು. ಕಾಲು ವಾಟಿನ ರೆಸಿಸ್ಟರ್‌ಗಳು: 1 ಕಿಲೋಓಮ್ ಒಂದು, 10 ಕಿಲೋಓಮ್ ಎರಡು, 100 ಕಿಲೋಓಮ್ ಒಂದು. ಕೆಂಪು ಎಲ್‌ಇಡಿ, 12 ವೋಲ್ಟ್ ಡಿಸಿ ಬಜರ್, 12 ವೋಲ್ಟ್ ಕಾಯಿಲಿನ ರಿಲೇ, ತೂತಿನ ಜನರಲ್ ಪರ್ಪಸ್ ಬೋರ್ಡ್. ಡಯೋಡ್, ಟ್ರಾನ್ಸಿಸ್ಟರ್, ರೆಸಿಸ್ಟರ್ ಒಂದೆರಡು ಹೆಚ್ಚಿಗೆ ತನ್ನಿ. ಅವುಗಳಿಗಾಗಿಯೇ ಮತ್ತೊಮ್ಮೆ ರಾಯಚೂರಿಗೋ ಗಂಗಾವತಿಗೋ ಬಸ್ ಹತ್ತಿದರೆ ಚಾರ್ಜೇ ಹೆಚ್ಚಾಗುತ್ತದೆ.

ಕರೆಂಟ್ ಒಳಬರುವ ಬದಿ

ಫ್ಯೂಸ್ ಮೊದಲು, ಎಂಒವಿ ಆಮೇಲೆ. ಈ ಕ್ರಮ ತಪ್ಪಬಾರದು. ಎಂಒವಿ ಎಂದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಕೂರುವ, ಬಿಲ್ಲೆಯಂತಹ ಭಾಗ. ವೋಲ್ಟೇಜ್ ಮಾಮೂಲಾಗಿದ್ದರೆ ಅದು ಸುಮ್ಮನಿರುತ್ತದೆ. 471 ಎಂದರೆ 47ರ ಮುಂದೆ ಒಂದು ಸೊನ್ನೆ, ಅಂದರೆ 470 ವೋಲ್ಟ್. ಎಸಿ ಲೆಕ್ಕದಲ್ಲಿ 300 ವೋಲ್ಟ್ ತನಕ ಇದು ತಾಳುತ್ತದೆ. ನ್ಯೂಟ್ರಲ್ ಹರಿದು ಸಿಂಗಲ್ ಫೇಸ್ ಲೈನಿನಲ್ಲಿ 400ರ ಸುತ್ತ ವೋಲ್ಟ್ ನುಗ್ಗಿದರೆ ಎಂಒವಿ ಕರೆಂಟನ್ನು ತನ್ನ ಮೂಲಕ ಎಳೆದು ಫ್ಯೂಸ್ ಹಾರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಫ್ಯೂಸ್ ಹಾರಿ ಎಂಒವಿ ಸೀಳಿ ಕಪ್ಪಾಗಿದ್ದರೆ ಎರಡನ್ನೂ ಬದಲಿಸಿ. ಫ್ಯೂಸಿನ ಜಾಗಕ್ಕೆ ತಂತಿಯ ಎಳೆ ಸುತ್ತುವ ರೂಢಿ ಇದೆ. ಹಾಗೆ ಮಾಡಿದರೆ ಮುಂದಿನ ಸಲ ಎಂಒವಿಯೇ ಹೊತ್ತಿಕೊಳ್ಳುತ್ತದೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ. ಅದಕ್ಕಿಂತ ದೊಡ್ಡ ಕೆಲಸವೆಂದರೆ ಮೇನ್ಸ್‌ನಿಂದ ನಮ್ಮ ಬೋರ್ಡನ್ನು ಬೇರ್ಪಡಿಸುವುದು. ಅಗ್ಗದ ಎಲ್‌ಇಡಿ ಬಲ್ಬು, ರಾತ್ರಿ ದೀಪಗಳೊಳಗೆ ಟ್ರಾನ್ಸ್‌ಫಾರ್ಮರ್ ಬದಲು 105ಜೆ 400 ವೋಲ್ಟ್ ಎಂದು ಬರೆದ ಕೆಪಾಸಿಟರ್ ಕಾಣಬಹುದು. 1 ಮೈಕ್ರೋಫ್ಯಾರಡಿನ ಆ ಕೆಪಾಸಿಟರ್ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 72 ಮಿಲಿಆಂಪ್ ಬಿಡುತ್ತದೆ. ಈ ಬೋರ್ಡಿಗೂ ಅಷ್ಟೇ ಕರೆಂಟ್ ಬೇಕು. ಹಾಗಾಗಿ ಖರ್ಚು ಉಳಿಸಲು ಅದನ್ನೇ ಹಾಕುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಆ ವ್ಯವಸ್ಥೆಯಲ್ಲಿ ಬೋರ್ಡಿನ ಪ್ರತಿ ಬಿಂದುವೂ ಮೇನ್ಸ್‌ಗೆ ಅಂಟಿಕೊಂಡೇ ಇರುತ್ತದೆ. ನೀರಿನ ಮಟ್ಟ ಅರಿಯಲು ಟ್ಯಾಂಕಿನೊಳಗೆ ಇಳಿಬಿಡುವ ನಮ್ಮ ಎರಡು ಲೋಹದ ಸರಳುಗಳು ನೀರಿನಲ್ಲಿ ಮುಳುಗಿರುತ್ತವೆ. ಆ ನೀರು ಮುಟ್ಟಿದವರ ಜೀವ ಹೋಗಬಹುದು.

15 ವೋಲ್ಟಿನದೇ ಯಾಕೆ? 7812ರಿಂದ ಸ್ಥಿರವಾದ 12 ವೋಲ್ಟ್ ಹೊರಬರಬೇಕಾದರೆ ಒಳಗೆ ಕನಿಷ್ಠ 14ರಿಂದ 14.5 ವೋಲ್ಟ್ ಬೇಕು. ಮೇನ್ಸ್ 180ಕ್ಕೆ ಇಳಿದಾಗ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ 9.4 ವೋಲ್ಟ್ ಎಸಿ ಕೊಡುತ್ತದೆ. 1.414ರಿಂದ ಗುಣಿಸಿದರೆ ತುದಿ 13.3, ಎರಡು ಡಯೋಡ್ ದಾಟುವಾಗ 1.4 ಹೋಗಿ ಉಳಿಯುವುದು 11.9. ಸಾಲದು. 15 ವೋಲ್ಟಿನದಾದರೆ ಅದೇ ಲೆಕ್ಕ 15.2ಕ್ಕೆ ಬರುತ್ತದೆ. ಪೇಟೆಯಲ್ಲಿ 12 ವೋಲ್ಟಿನದು ಬೇಗ ಸಿಗುತ್ತದೆ ನಿಜ, ಆದರೆ ಅದು ಕೈಕೊಡುವುದು ಪಂಪ್ ಓಡುವ ಹೊತ್ತಿನಲ್ಲೇ, ಅಂದರೆ ಅಲಾರಂ ಬೇಕಾದ ಹೊತ್ತಿನಲ್ಲೇ.

ಡಯೋಡ್, ಮತ್ತು ಎಲ್ಲಕ್ಕಿಂತ ಮೊದಲು ಸಾಯುವ ಕೆಪಾಸಿಟರ್

1ಎನ್4007 ಒಂದು ಆಂಪ್, 1000 ವೋಲ್ಟಿನ ಡಯೋಡ್. ಮೈಮೇಲಿನ ಬೆಳ್ಳಿಪಟ್ಟಿ ಇರುವ ಕಡೆ ಕ್ಯಾಥೋಡ್. ನಾಲ್ಕನ್ನು ಬ್ರಿಡ್ಜ್ ಆಗಿ ಜೋಡಿಸಬೇಕು: ಎರಡು ಪಟ್ಟಿಗಳು ಕೂಡುವ ಜಾಗ ಪ್ಲಸ್, ಪಟ್ಟಿಯಿಲ್ಲದ ಎರಡು ತುದಿಗಳು ಕೂಡುವ ಜಾಗ ಮೈನಸ್, ಉಳಿದೆರಡು ಕೂಡುಗಳಿಗೆ ಟ್ರಾನ್ಸ್‌ಫಾರ್ಮರ್ ತಂತಿ. ಒಂದೇ ಒಂದು ಡಯೋಡ್ ತಿರುವುಮುರುವಾದರೂ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆಗಿ ಕಾಯುತ್ತದೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಪ್ರೋಬ್ ಪಟ್ಟಿಯಿಲ್ಲದ ಕಡೆ, ಕಪ್ಪು ಪಟ್ಟಿಯ ಕಡೆ ಇಟ್ಟರೆ 0.5ರಿಂದ 0.7 ಬರಬೇಕು. ತಿರುಗಿಸಿ ಹಿಡಿದರೆ ಏನೂ ಬರಬಾರದು. ಎರಡೂ ಕಡೆ ಸೊನ್ನೆ ಬಂದರೆ ಡಯೋಡ್ ಶಾರ್ಟ್, ಎರಡೂ ಕಡೆ ಏನೂ ಬರದಿದ್ದರೆ ಓಪನ್.

ಬ್ರಿಡ್ಜ್ ದಾಟಿದ ವೋಲ್ಟೇಜ್ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಏರಿದಾಗ ತುಂಬಿಕೊಂಡು, ಇಳಿದಾಗ ಬಿಟ್ಟುಕೊಟ್ಟು ಅದನ್ನು ಸಮ ಮಾಡುವುದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಉಳಿಯುವ ಏರಿಳಿತದ ಲೆಕ್ಕ ಸುಲಭ: ಕರೆಂಟನ್ನು ಆಂಪ್‌ನಲ್ಲಿ ತೆಗೆದುಕೊಂಡು, ನೂರು ಗುಣಿಸು ಫ್ಯಾರಡ್‌ನಿಂದ ಭಾಗಿಸಿ. ರಿಲೇಗೆ 30, ಬಜರಿಗೆ ಸುಮಾರು 25, ಎಲ್‌ಇಡಿಗೆ 10, 7812ರ ಸ್ವಂತ ಖರ್ಚು 5. ಒಟ್ಟು 70 ಮಿಲಿಆಂಪ್. 0.07 ಭಾಗಿಸು 0.1, ಅಂದರೆ 0.7 ವೋಲ್ಟ್. 15.2ರಲ್ಲಿ ಅದನ್ನು ಕಳೆದರೆ 14.5. 180 ವೋಲ್ಟಿನಲ್ಲೂ ಬೋರ್ಡ್ ನಿಲ್ಲುತ್ತದೆ. 470 ಮೈಕ್ರೋಫ್ಯಾರಡ್ ಹಾಕಿದ್ದರೆ ಏರಿಳಿತ ಒಂದೂವರೆ ವೋಲ್ಟಾಗಿ ತಳ ತಪ್ಪುತ್ತಿತ್ತು.

ಈಗ ಮೇಲಿನ ತುದಿ. ಮೇನ್ಸ್ 250 ಇದ್ದಾಗ 15ರ ಟ್ರಾನ್ಸ್‌ಫಾರ್ಮರ್ 16.3 ಕೊಡುತ್ತದೆ. ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಲೋಡ್ ಇಲ್ಲದಾಗ ಬರೆದದ್ದಕ್ಕಿಂತ ಶೇ. 15ರಷ್ಟು ಹೆಚ್ಚು ಕೊಡುವುದು ಸಾಮಾನ್ಯ. ಆಗ ಕೆಪಾಸಿಟರ್ ಮೇಲೆ 25 ವೋಲ್ಟ್ ಕೂರುತ್ತದೆ. 25 ವೋಲ್ಟಿನ ಕೆಪಾಸಿಟರ್ ಅಂಚಿನಲ್ಲೇ ಬದುಕಬೇಕಾಗುತ್ತದೆ. 16 ವೋಲ್ಟಿನದು ತಲೆ ಉಬ್ಬಿ ಒಡೆಯುತ್ತದೆ. ಅಂಗಡಿಯವರ ಪ್ರಶ್ನೆಗೆ 35 ಎಂಬ ಉತ್ತರ ಬಂದದ್ದು ಹೀಗೆ.

ಶಾಖದ ವಿಚಾರ ಇನ್ನೂ ಮುಖ್ಯ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರಾವಣವಿರುತ್ತದೆ, ಅದು ನಿಧಾನವಾಗಿ ಆರುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ತಯಾರಕರೇ ಬಳಸುವ ಲೆಕ್ಕ. 85 ಡಿಗ್ರಿ, 2000 ಗಂಟೆಯ ಕೆಪಾಸಿಟರ್ 65 ಡಿಗ್ರಿಯಲ್ಲಿ ಇದ್ದರೆ 8000 ಗಂಟೆ, ಅಂದರೆ ಸತತವಾಗಿ ಒಂದು ವರ್ಷವೂ ಇಲ್ಲ. 105 ಡಿಗ್ರಿಯ 2000 ಗಂಟೆಯದು ಅದೇ ಜಾಗದಲ್ಲಿ 32,000 ಗಂಟೆ ಬರುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಸ್ವಲ್ಪ, ಬಾಳಿಕೆಯಲ್ಲಿ ನಾಲ್ಕು ಪಟ್ಟು. ಹೀಟ್ ಸಿಂಕಿಗೆ ಒತ್ತಿಕೊಂಡು ಕೂರಿಸಿದರೆ ಈ ಲಾಭವೆಲ್ಲ ಹೋಗುತ್ತದೆ. ಎರಡರ ನಡುವೆ ಕನಿಷ್ಠ ಎರಡು ಸೆಂಟಿಮೀಟರ್ ಬಿಡಿ. ಮೈಮೇಲಿನ ಬಿಳಿ ಅಥವಾ ಬೂದು ಪಟ್ಟಿ ಮೈನಸ್ ಕಾಲನ್ನು ತೋರಿಸುತ್ತದೆ. ಉಲ್ಟಾ ಹಾಕಿದರೆ ಸಿಡಿಯುತ್ತದೆ, ಮುಖ ಹತ್ತಿರ ಇಡಬೇಡಿ.

ಸಣ್ಣ ಕೆಪಾಸಿಟರ್‌ಗಳ ಅಂಕಿ ಪೈಕೋಫ್ಯಾರಡ್ ಲೆಕ್ಕದ್ದು. 104 ಎಂದರೆ 10ರ ಮುಂದೆ ನಾಲ್ಕು ಸೊನ್ನೆ, ಅಂದರೆ 0.1 ಮೈಕ್ರೋಫ್ಯಾರಡ್. 334 ಎಂದರೆ 0.33. ಇವುಗಳಿಗೆ ಪ್ಲಸ್ ಮೈನಸ್ ಇಲ್ಲ. 334 ಅನ್ನು 7812ರ ಇನ್‌ಪುಟ್ ಕಾಲಿಗೂ, ಒಂದು 104 ಅನ್ನು ಔಟ್‌ಪುಟ್ ಕಾಲಿಗೂ ಆದಷ್ಟು ಹತ್ತಿರ ಹಚ್ಚಿ, ಇನ್ನೊಂದು ತುದಿ ಮೈನಸ್‌ಗೆ. ದೂರವಾದರೆ ರೆಗ್ಯುಲೇಟರ್ ಒಳಗೊಳಗೇ ಕಂಪಿಸಿ ಕಾರಣವಿಲ್ಲದೆ ಬಿಸಿಯಾಗುತ್ತದೆ.

7812: ಬಿಸಿಯ ಲೆಕ್ಕ

ಬರಹ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಒಳಬಂದ ಹೆಚ್ಚುವರಿ ವೋಲ್ಟೇಜನ್ನು ಇದು ಶಾಖವಾಗಿ ಬಿಡುತ್ತದೆ. 250ರ ರಾತ್ರಿಯಲ್ಲಿ ಅಲಾರಂ ಕೂಗುತ್ತಿದ್ದರೆ ಒಳಗೆ ಸುಮಾರು 23.5 ವೋಲ್ಟ್; 11.5 ಗುಣಿಸು 0.07, ಅಂದರೆ 0.8 ವಾಟ್. ಹೀಟ್ ಸಿಂಕ್ ಇಲ್ಲದ 7812 ಒಂದು ವಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ. 55 ಡಿಗ್ರಿಯ ಡಬ್ಬಿಯಲ್ಲಿ ಚಿಪ್ 107 ಮುಟ್ಟುತ್ತದೆ. ಅದರ ಮಿತಿ 125. ಸಣ್ಣ ಹೀಟ್ ಸಿಂಕ್ ಹಾಕಿದರೆ ಏರಿಕೆ 20 ಡಿಗ್ರಿಯ ಸುತ್ತ ನಿಲ್ಲುತ್ತದೆ. ಮಿತಿ ಮೀರಿದಾಗ 7812 ಸುಡುವುದಿಲ್ಲ, ತಾನೇ ಔಟ್‌ಪುಟ್ ಕಡಿದುಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ. ಮಧ್ಯಾಹ್ನ ಸತ್ತು ಸಂಜೆ ಎದ್ದು ಕೂರುವ ಬೋರ್ಡ್ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ರೆಸಿಸ್ಟರ್: ಮೂರನೆಯ ಪಟ್ಟಿಯ ಮೇಲೆ ಕಣ್ಣಿಡಿ

ಈ ಬೋರ್ಡಿನ ಮೂರು ಬೆಲೆಗಳಿಗೂ ಮೊದಲೆರಡು ಬಣ್ಣ ಒಂದೇ: ಕಂದು, ಕಪ್ಪು. ಮೂರನೆಯದು ಕೆಂಪಾದರೆ 1 ಕಿಲೋಓಮ್, ಕಿತ್ತಳೆಯಾದರೆ 10, ಹಳದಿಯಾದರೆ 100. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೆಂಪು ಮತ್ತು ಕಿತ್ತಳೆ ಒಂದೇ ಥರ ಕಾಣುತ್ತವೆ. ಬೆಸೆಯುವ ಮುಂಚೆ ಪ್ರತಿಯೊಂದನ್ನೂ ಮೀಟರಿನಲ್ಲಿ ಅಳೆಯಿರಿ. ಬೆಸೆದ ಮೇಲೆ ಅಳೆಯುವುದಾದರೆ ಒಂದು ಕಾಲನ್ನು ಬಿಡಿಸಿಕೊಂಡೇ ಅಳೆಯಬೇಕು, ಇಲ್ಲದಿದ್ದರೆ ಪಕ್ಕದ ಭಾಗಗಳೂ ಸೇರಿ ಸುಳ್ಳು ಅಂಕಿ ಬರುತ್ತದೆ.

1 ಕಿಲೋಓಮ್ ಎಲ್‌ಇಡಿಗೆ. ಕೆಂಪು ಎಲ್‌ಇಡಿಗೆ ಬೇಕಾದದ್ದು 2 ವೋಲ್ಟ್. ಉಳಿದ 10 ವೋಲ್ಟನ್ನು ರೆಸಿಸ್ಟರ್ ಹೊತ್ತು 10 ಮಿಲಿಆಂಪ್ ಬಿಡುತ್ತದೆ, 0.1 ವಾಟ್ ಬಿಸಿಯಾಗುತ್ತದೆ. 470 ಓಮ್ ಹಾಕಿದರೆ 0.21 ವಾಟ್, ಕಾಲು ವಾಟಿನ ರೆಸಿಸ್ಟರಿಗೆ ಬಿಸಿ ಡಬ್ಬಿಯೊಳಗೆ ಅದು ಭಾರ, ಕೆಲವೇ ತಿಂಗಳಲ್ಲಿ ಬಣ್ಣದ ಪಟ್ಟಿಗಳೇ ಕಂದಿ ಓದಲಾಗದಂತಾಗುತ್ತವೆ.

ಟ್ರಾನ್ಸಿಸ್ಟರ್ ಜೋಡಿ

ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ: ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇಸಿಗೆ ಸಣ್ಣ ಕರೆಂಟ್ ಕೊಟ್ಟರೆ ಕಲೆಕ್ಟರ್‌ನಿಂದ ಎಮಿಟರ್‌ಗೆ ಅದರ ನೂರಾರು ಪಟ್ಟು ಹರಿಯುತ್ತದೆ, ಆದರೆ 100 ಮಿಲಿಆಂಪ್ ಮೀರಬಾರದು. ಅಂಗಡಿಯಲ್ಲಿ ಬಿಸಿ547 ಇಲ್ಲವೆಂದು 2ಎನ್2222 ಕೊಟ್ಟರೆ ಕಾಲುಗಳ ಕ್ರಮ ಬೇರೆಯಿರಬಹುದು. ಡಯೋಡ್ ಗುರುತಿನಲ್ಲಿ ಕೆಂಪು ಪ್ರೋಬ್ ಯಾವ ಕಾಲಿಗಿಟ್ಟಾಗ ಉಳಿದೆರಡಕ್ಕೂ 0.6-0.7 ಬರುತ್ತದೋ ಅದು ಬೇಸ್; ಆ ಎರಡರಲ್ಲಿ ತುಸು ಹೆಚ್ಚು ತೋರಿಸುವುದು ಎಮಿಟರ್.

ಎರಡು ಸರಳುಗಳ ನಡುವಿನ ನೀರು ಹತ್ತಾರು ಕಿಲೋಓಮ್ ತಡೆ ಒಡ್ಡುತ್ತದೆ. ಒಂದೇ ಟ್ರಾನ್ಸಿಸ್ಟರ್ ಇದ್ದರೆ ರಿಲೇ ಮತ್ತು ಬಜರ್ ಎರಡನ್ನೂ ಎಳೆಯುವಷ್ಟು ಕರೆಂಟ್ ಬರುತ್ತದೆಂಬ ಭರವಸೆ ಇಲ್ಲ. ಅದಕ್ಕೇ ಡಾರ್ಲಿಂಗ್ಟನ್ ಜೋಡಣೆ: ಮೊದಲನೆಯದರ ಎಮಿಟರ್ ಎರಡನೆಯದರ ಬೇಸಿಗೆ, ಎರಡೂ ಕಲೆಕ್ಟರ್ ಒಟ್ಟಿಗೆ, ಎರಡನೆಯದರ ಎಮಿಟರ್ ಮೈನಸ್‌ಗೆ. ಪ್ಲಸ್ 12ರಿಂದ ಒಂದು 10 ಕಿಲೋಓಮ್ ಮೂಲಕ ತಳದ ಸರಳಿಗೆ ತಂತಿ. ತುಂಬುವ ಮಟ್ಟದ ಸರಳಿನಿಂದ ಇನ್ನೊಂದು 10 ಕಿಲೋಓಮ್ ಮೂಲಕ ಮೊದಲ ಬೇಸಿಗೆ. ಎರಡು ರೆಸಿಸ್ಟರ್ ಯಾಕೆಂದರೆ, ಹೊರಗಿನ ತಂತಿಯನ್ನು ಇಲಿ ಕಡಿದು ಎಲ್ಲಿ ಶಾರ್ಟ್ ಆದರೂ ಬೋರ್ಡ್ ಸುಡಬಾರದು.

ಈ ಜೋಡಿ ಎಷ್ಟು ಸೂಕ್ಷ್ಮವೆಂದರೆ ಮಳೆಗಾಲದ ತೇವಕ್ಕೇ ಕೂಗತೊಡಗುತ್ತದೆ. ಅದನ್ನು ಹದ್ದಿನಲ್ಲಿಡುವುದು ಬೇಸ್ ಮತ್ತು ಮೈನಸ್ ನಡುವಿನ 100 ಕಿಲೋಓಮ್. ಬೇಸ್ 1.3 ವೋಲ್ಟ್ ಏರಬೇಕಾದರೆ ಇದರಲ್ಲಿ 13 ಮೈಕ್ರೋಆಂಪ್ ಹರಿಯಲೇಬೇಕು. ಅಂದರೆ ಸರಳುಗಳ ನಡುವಿನ ತಡೆ ಸುಮಾರು 800 ಕಿಲೋಓಮ್‌ಗಿಂತ ಕಡಿಮೆಯಾದಾಗ ಮಾತ್ರ ಅಲಾರಂ. ನೀರು ಅದಕ್ಕಿಂತ ಎಷ್ಟೋ ಕೆಳಗೆ, ತಂತಿಯ ತೇವ ಸಾಮಾನ್ಯವಾಗಿ ಮೇಲೆ. ಇಲ್ಲಿ ಹಳದಿಯ ಬದಲು ಕೆಂಪು ಪಟ್ಟಿಯ 1 ಕಿಲೋಓಮ್ ಬಿದ್ದರೆ ಟ್ಯಾಂಕ್ ಉಕ್ಕಿ ಹರಿದರೂ ಬಜರ್ ಬಾಯಿ ಬಿಡುವುದಿಲ್ಲ. ಉಳಿದ 104 ಕೆಪಾಸಿಟರನ್ನೂ ಬೇಸ್ ಮತ್ತು ಮೈನಸ್ ನಡುವೆಯೇ ಹಾಕಿ. ಮೋಟರ್ ಕೇಬಲ್ ಜೊತೆಯಲ್ಲೇ ಎಳೆದ ಉದ್ದ ತಂತಿ ಹಿಡಿದು ತರುವ ಗದ್ದಲ ಅಲ್ಲಿ ಇಳಿಯುತ್ತದೆ.

ರಿಲೇ

12 ವೋಲ್ಟಿನ ಸಣ್ಣ ಚೌಕ ರಿಲೇಯ ಕಾಯಿಲ್ ಸಾಮಾನ್ಯವಾಗಿ 400 ಓಮ್. ಮೀಟರಿಟ್ಟು ಖಚಿತ ಮಾಡಿಕೊಳ್ಳಿ. ಕಾಯಿಲ್ ಮತ್ತು ಬಜರ್ ಎರಡೂ ಪ್ಲಸ್ 12 ಹಾಗೂ ಕಲೆಕ್ಟರ್ ನಡುವೆ. ಐದನೆಯ 1ಎನ್4007 ಕಾಯಿಲಿಗೆ ಅಡ್ಡವಾಗಿ, ಪಟ್ಟಿ ಪ್ಲಸ್ ಕಡೆಗೆ. ಕರೆಂಟ್ ನಿಂತ ಕ್ಷಣ ಕಾಯಿಲ್ ತಿರುಗಿ ಒದೆಯುವ ವೋಲ್ಟೇಜ್ ನೂರು ದಾಟಬಹುದು, ಬಿಸಿ547 ತಾಳುವುದು 45. ಈ ಡಯೋಡ್ ಮರೆತ ಬೋರ್ಡ್ ಒಂದಿಷ್ಟು ದಿನ ಸರಿಯಾಗಿಯೇ ಓಡುತ್ತದೆ, ಅದೇ ಮೋಸ. ಉಲ್ಟಾ ಹಾಕಿದರೆ ಮೊದಲ ಅಲಾರಂನಲ್ಲೇ ಟ್ರಾನ್ಸಿಸ್ಟರ್ ಹೋಗುತ್ತದೆ.

ರಿಲೇ ಮೇಲೆ 10 ಆಂಪ್ ಎಂದು ಬರೆದಿರುವುದು ಬಲ್ಬು, ಹೀಟರ್ ಥರದ ಲೋಡಿಗೆ. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ 6-7 ಆಂಪ್ ಎಳೆದರೂ ಶುರುವಾಗುವ ಕ್ಷಣ ಅದರ ಐದಾರು ಪಟ್ಟು ಎಳೆಯುತ್ತದೆ. ಕಾಂಟ್ಯಾಕ್ಟ್ ಬೆಸೆದು ಹೋಗಿ ಮೋಟರ್ ನಿಲ್ಲದಂತಾಗುತ್ತದೆ. ಮೋಟರ್ ನಿಲ್ಲಿಸಬೇಕೆಂದರೆ ಸ್ಟಾರ್ಟರಿನ ಕಾಯಿಲ್ ಲೈನಿನಲ್ಲಿ ರಿಲೇಯ ಎನ್‌ಸಿ (ರಿಲೇ ಎಳೆಯದಿದ್ದಾಗ ಕೂಡಿರುವ) ಕಾಂಟ್ಯಾಕ್ಟ್ ಬರಬೇಕು. ಆ ಕಾಯಿಲ್ ಮೇಲೆ 415 ವೋಲ್ಟ್ ಎಂದಿದ್ದರೆ 250 ವೋಲ್ಟಿನ ಈ ರಿಲೇ ಅಲ್ಲಿ ಬೇಡ. ಆ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಬೆಸೆಯುವುದು, ಹಚ್ಚಿ ನೋಡುವುದು

25 ವಾಟಿನ ಐರನ್, 60/40 ಸೋಲ್ಡರ್. ಐರನ್ನಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 180 ವೋಲ್ಟಿನಲ್ಲಿ 25 ವಾಟಿನದು 15 ವಾಟ್ ಆಗುತ್ತದೆ. ಆಗ ಬೆಸೆದರೆ ಸೋಲ್ಡರ್ ಕರಗಿದಂತೆ ಕಂಡರೂ ಕಾಲಿಗೆ ಹಿಡಿಯುವುದಿಲ್ಲ, ಮಂಕಾಗಿ ಉಂಡೆಯಾಗಿ ಕೂರುತ್ತದೆ. ರಿಪೇರಿಯವರು ಡ್ರೈ ಸೋಲ್ಡರ್ ಎನ್ನುವುದು ಇದಕ್ಕೇ. ವೋಲ್ಟೇಜ್ ಚೆನ್ನಾಗಿರುವ ಹೊತ್ತು ನೋಡಿ ಕೂತುಕೊಳ್ಳಿ. ಐರನ್ ತುದಿ ಕಾಲಿಗೂ ತಾಮ್ರಕ್ಕೂ ಒಟ್ಟಿಗೆ ತಾಗಬೇಕು, ಮೂರು ಸೆಕೆಂಡಿನಲ್ಲಿ ಮುಗಿಯಬೇಕು.

ಮೊದಲು ಪವರ್ ಸಪ್ಲೈ ಭಾಗವನ್ನಷ್ಟೇ ಬೆಸೆದು, 40 ವಾಟಿನ ಹಳೇ ತಂತಿ ಬಲ್ಬಿನ ಸೀರೀಸ್ ಬೋರ್ಡ್ (ಕರೆಂಟ್ ಬಲ್ಬನ್ನು ದಾಟಿಯೇ ಬರುವ ಜೋಡಣೆ) ಮೂಲಕ ಚಾಲೂ ಮಾಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಟ್ರಾನ್ಸ್‌ಫಾರ್ಮರ್ ಸಣ್ಣದಾದ್ದರಿಂದ ಬಲ್ಬ್ ಚೂರು ಕೆಂಪಾದರೂ ತಪ್ಪಿದೆ ಎಂದೇ ಅರ್ಥ. ಆರಿಸಿ, ಡಯೋಡ್ ದಿಕ್ಕು ನೋಡಿ. ಸರಿಯಿದ್ದರೆ ನೇರವಾಗಿ ಹಚ್ಚಿ ಅಳೆಯಿರಿ: ಟ್ರಾನ್ಸ್‌ಫಾರ್ಮರ್ ಹೊರಗೆ 15ರಿಂದ 18 ವೋಲ್ಟ್ ಎಸಿ, ದೊಡ್ಡ ಕೆಪಾಸಿಟರ್ ಮೇಲೆ 20ರಿಂದ 25 ಡಿಸಿ, 7812 ಹೊರಗೆ 11.5ರಿಂದ 12.5. ಈ ಮೂರು ಸಿಕ್ಕ ಮೇಲೆಯೇ ಟ್ರಾನ್ಸಿಸ್ಟರ್ ಭಾಗ. ಕೊನೆಗೆ ಸರಳಿನ ಎರಡು ತಂತಿಗಳನ್ನು ಒದ್ದೆ ಬೆರಳಿನಿಂದ ಒಟ್ಟಿಗೆ ಮುಟ್ಟಿದರೆ ರಿಲೇ ಟಕ್ ಎನ್ನಬೇಕು.

ಟ್ಯಾಂಕ್ ಖಾಲಿಯಿದ್ದರೂ ಬಜರ್ ಕೂಗುತ್ತಿದ್ದರೆ ಬೋರ್ಡಿನಿಂದ ಸರಳಿನ ತಂತಿ ಬಿಚ್ಚಿ. ನಿಂತರೆ ತಪ್ಪು ಹೊರಗಿದೆ. ನಿಲ್ಲದಿದ್ದರೆ ಎರಡನೆಯ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬೇಕು, ಇಲ್ಲವೇ ಬೋರ್ಡಿನ ಮೇಲೆ ಧೂಳು ತೇವ ಹಿಡಿದಿರಬೇಕು. ಸಂಡೂರು, ತೋರಣಗಲ್ಲಿನ ಕೆಂಪು ಧೂಳು, ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿ ಹೊಟ್ಟು, ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಹತ್ತಿ ಎಳೆ, ಯಾವುದೇ ಇರಲಿ, ಒಣಗಿದ್ದಾಗ ಸುಮ್ಮನಿದ್ದು ಮೊದಲ ಮಳೆಗೆ ಕರೆಂಟ್ ಸೋರಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬ್ರಷ್‌ನಿಂದ ತೊಳೆದು, ಒಣಗಿಸಿ, ಪಿಸಿಬಿ ವಾರ್ನಿಶ್ ಹೊಡೆಯಿರಿ. ಡಬ್ಬಿಯ ತಂತಿ ತೂತು ಕೆಳಮುಖವಾಗಿರಲಿ. ರಿಲೇ ಟರ್‌ರ್ ಎಂದು ನಡುಗಿದರೆ 1000 ಮೈಕ್ರೋಫ್ಯಾರಡ್ ಆರಿಹೋಗಿದೆ, ಬದಲಿಸಿ.

ಸರಳಿಗೆ ತಾಮ್ರ ಬೇಡ. ಡಿಸಿ ಹರಿಯುವ ಕಡೆ ಪ್ಲಸ್ ಸರಳು ನೀರಿನಲ್ಲಿ ಕರಗುತ್ತ ಹಸಿರುಗಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿದರೆ ಅದು ತೀರಾ ನಿಧಾನ. ಬೋರ್‌ವೆಲ್ ನೀರಾದರೆ ಬಿಳಿ ಸುಣ್ಣದ ಪದರ ಕಟ್ಟಿ ಅಲಾರಂ ಮೊಂಡಾಗುತ್ತದೆ. ಎರಡು ತಿಂಗಳಿಗೊಮ್ಮೆ ಲಿಂಬೆರಸ ಹಚ್ಚಿ ಉಜ್ಜಿ. ಕುಡಿಯುವ ನೀರಿನ ಟ್ಯಾಂಕಾದರೆ ಸರಳೇ ಬೇಡ: ನೀರು ಏರಿದಾಗ ಕೂಡುವ ಫ್ಲೋಟ್ ಸ್ವಿಚ್ ತಂದು, ಅದರ ಎರಡು ತಂತಿಗಳನ್ನು ಸರಳಿನ ಎರಡು ಟರ್ಮಿನಲ್‌ಗಳಿಗೇ ಕೊಡಿ. ಬೋರ್ಡಿನಲ್ಲಿ ಬೇರೇನೂ ಬದಲಿಸಬೇಕಾಗಿಲ್ಲ.